ಅಂತಿಮ ದರ್ಶನಕ್ಕೆ ತಪ್ಪದ ಜಡ್ಜ್

ವರ್ಲಿನ್ ಸ್ಟಾಂಪರ್‌ನ ಕಾರಿನ ಹಿಂದಿನ ಸೀಟಿನ ಮೇಲೆ ಒಂದು ಕರಿ ಕೋಟು ಸದಾ ತೂಗುತ್ತಿರುತ್ತಿತ್ತು. ಕೋರ್ಟಿನಲ್ಲಿ ತೊಡುವ ನಿಲುವಂಗಿಯಲ್ಲ ಅದು, ಸಾವಿನ ಮನೆಗೆ ಹೋಗುವ ಕೋಟು. ಎಡ ಜೇಬಿನಲ್ಲಿ ಪೆಪ್ಪರಮಿಂಟು, ಬಲ ಜೇಬಿನಲ್ಲಿ ಹೆಂಗಸರು ಉಗುರು ಉಜ್ಜಿಕೊಳ್ಳುವ ಪಟ್ಟಿಗಳ ಕಟ್ಟು. ಒಂದೊಂದು ಪಟ್ಟಿಯ ಮೇಲೂ ‘ವರ್ಲಿನ್ ಸ್ಟಾಂಪರ್, ನಿಮ್ಮ ಜಡ್ಜ್’ ಎಂದು ನೀಲಿಯಲ್ಲಿ ಅಚ್ಚಾಗಿತ್ತು. ನಮ್ಮ ಬ್ರಶಿ ಫೋರ್ಕ್ ಕೌಂಟಿಯಲ್ಲಿ ಜಡ್ಜ್ ಆಗುವುದಕ್ಕೂ ವೋಟು ಬೇಕು, ವೋಟು ಕೇಳಲು ಬರಿಗೈಯಲ್ಲಿ ಹೋಗುವ ಹಾಗಿಲ್ಲ. ಶೆರಿಫ್ ಆಗಲು ನಿಂತವನು ನೊಣ ಹೊಡೆಯುವ ಕೋಲು ಹಂಚುತ್ತಾನೆ, ಕೌಂಟಿ ಗುಮಾಸ್ತೆಯಾಗಲು ನಿಂತವಳು ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಹಂಚುತ್ತಾಳೆ. ಕೆಂಟಕಿಯ ಈ ಗುಡ್ಡಗಳಲ್ಲಿ ಯಾರ ಅಡುಗೆಮನೆಗೆ ಕಾಲಿಟ್ಟರೂ ಹಳೆಯ ಚುನಾವಣೆಗಳೆಲ್ಲ ಮೊಳೆಗೆ ತೂಗುತ್ತಿರುತ್ತವೆ.

ವರ್ಲಿನ್‌ನ ಅಪ್ಪ ಕಲ್ಲಿದ್ದಲಿನ ಲಾರಿ ಓಡಿಸಿಕೊಂಡು ಮಗನನ್ನು ವಕೀಲಿ ಓದಿಸಿದವನು. ಮಗ ಓದಿ ಪಟ್ಟಣದಲ್ಲಿ ಉಳಿಯಲಿಲ್ಲ. ಊರಿಗೇ ಬಂದು ಔಷಧಿ ಅಂಗಡಿಯ ಮಹಡಿಯಲ್ಲಿ ಕಚೇರಿ ತೆರೆದ. ಉಯಿಲು ಬರೆದ, ಬೇಲಿ ಜಗಳ ಬಿಡಿಸಿದ, ಗಂಡನಿಂದ ಏಟು ತಿಂದು ಬಂದ ಹೆಂಗಸರ ಪರವಾಗಿ ಕೋರ್ಟಿನಲ್ಲಿ ಗಂಟಲು ಹರಿದುಕೊಂಡ. ಫೀಸಿನ ಬದಲು ಹಂದಿಯ ತೊಡೆಯನ್ನೋ ಒಂದು ಗಾಡಿ ಸೌದೆಯನ್ನೋ ತಂದಿಳಿಸಿದರೂ ಬೇಡ ಎನ್ನುತ್ತಿರಲಿಲ್ಲ. ಒಳ್ಳೆಯ ಹುಡುಗ ಎಂದು ಹೆಸರಾಯಿತು. ಆ ಹೆಸರನ್ನು ನಂಬಿಕೊಂಡು ಕೆಳಗಿನ ಕೋರ್ಟಿನ ಜಡ್ಜ್ ಸ್ಥಾನಕ್ಕೆ ನಿಂತ, ಕಂಡ ಕಂಡ ಮನೆಯ ಬಾಗಿಲು ಬಡಿದ, ಅಂಗೈಯಗಲ ಅಂತರದಲ್ಲಿ ಸೋತ.

ಎಲ್ಲಿ ತಪ್ಪಿತು ಎಂದು ಹೇಳಿಕೊಟ್ಟವನು ಹೋಬರ್ಟ್ ಎಂಬ ಮುದುಕ. ಕೋರ್ಟಿನ ಮುಂದಿನ ಮೋಟುಗೋಡೆಯ ಮೇಲೆ ಕೂತು ಚಾಕುವಿನಲ್ಲಿ ಕಟ್ಟಿಗೆ ಕೆತ್ತುತ್ತಾ ಊರಿನ ಆಗುಹೋಗುಗಳಿಗೆಲ್ಲ ತೀರ್ಪು ಕೊಡುವುದೇ ಅವನ ಕಸುಬು.

“ಅಲ್ವೋ ಮಗಾ, ಮನೆಮನೆ ತಿರುಗಿದೆ, ಸರಿ. ನಮ್ಮೂರ ಸಾಲ್ ಮಾವ ಸತ್ತಾಗ ಎಲ್ಲಿದ್ದೆ?” ಎಂದ ಅವನು. “ನೀನು ಮಾಡಿದ ಭಾಷಣ ಮರುದಿನಕ್ಕೆ ಮರೆತು ಹೋಗತ್ತೆ. ಹೆಣದ ಪಕ್ಕ ಯಾರು ಬಂದು ನಿಂತ್ರು, ಯಾರು ಬರ್ಲಿಲ್ಲ ಅನ್ನೋದನ್ನ ಮೊಮ್ಮಕ್ಕಳಿಗೂ ಹೇಳ್ತಾರೆ ನಮ್ಮೋರು.”

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ವರ್ಲಿನ್‌ಗೆ ಬಂದ ಬುದ್ಧಿ ಮತ್ತೆ ಹೋಗಲೇ ಇಲ್ಲ. ಬೆಳಿಗ್ಗೆ ಗಡ್ಡ ಹೆರೆಯುತ್ತಾ ಊರಿನ ರೇಡಿಯೋದಲ್ಲಿ ಸತ್ತವರ ಸುದ್ದಿ ಕೇಳುವುದು, ಸಂಜೆ ಶವಸಂಸ್ಕಾರದ ಮನೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದು ಅವನ ದಿನಚರಿಯಾಯಿತು. ಪೆಟ್ಟಿಗೆಯ ಮುಂದೆ ತಲೆ ಬಾಗಿಸಿ, ಮನೆಯವರ ಕೈ ಹಿಡಿದು, “ತುಂಬಾ ಒಳ್ಳೆ ಮನುಷ್ಯ. ನನ್ನಿಂದ ಏನಾದ್ರೂ ಆಗಬೇಕಿದ್ರೆ ಕೇಳಿ ಸಾಕು,” ಎನ್ನುವನು. ಸತ್ತದ್ದು ಹೆಂಗಸಾದರೆ ಮನುಷ್ಯ ಹೋಗಿ ಹೆಂಗಸು, ಅಷ್ಟೇ ಬದಲು. ಹೊರಗೆ ಬಂದು ಸಿಗರೇಟು ಸೇದುತ್ತಾ ನಿಂತವರ ಕೈಕುಲುಕಿ, ಹೆಂಗಸರಿಗೊಂದೊಂದು ಉಗುರಿನ ಪಟ್ಟಿ ಕೊಟ್ಟು, ಕಾರು ಹತ್ತುವನು. ಅವನ ಹೆಂಡತಿ ಓಪಲ್ ಮಾಡಿದ ಜೋಳದ ಪುಡ್ಡಿಂಗಿನ ತಟ್ಟೆ ಅವನಿಗಿಂತ ಮುಂಚೆ ಸಾವಿನ ಮನೆ ಸೇರಿರುತ್ತಿತ್ತು. ವರ್ಲಿನ್ ಬಂದು ಕೈಕುಲುಕುವ ತನಕ ನಮ್ಮೂರಲ್ಲಿ ಹೆಣ ಮಣ್ಣಾಗುವುದಿಲ್ಲ ಎಂದು ಜನ ನಗುತ್ತಿದ್ದರು, ನಕ್ಕು ವೋಟು ಹಾಕುತ್ತಿದ್ದರು. ಎರಡನೆಯ ಸಲ ನಿಂತವನು ಗೆದ್ದ, ಆಮೇಲೆ ಪ್ರತಿ ಚುನಾವಣೆಯಲ್ಲೂ ಗೆಲ್ಲುತ್ತಲೇ ಬಂದ.

ಮೊದಮೊದಲು ಅವನಿಗೆ ನಿಜವಾಗಿಯೂ ಅಳು ಬರುತ್ತಿತ್ತು ಎನ್ನುವುದನ್ನು ಹೇಳಲೇಬೇಕು. ಕಪಟಿಯಲ್ಲ ಅವನು. ಆದರೆ ದಿನಾ ಸಾಯುವವರಿಗೆ ಅಳುವವರು ಯಾರು? ಅಳು ನಿಂತಿತು, ಮಾತು ಉಳಿಯಿತು.

ಕೋರ್ಟಿನಲ್ಲೂ ಅವನದು ಹಗುರ ಕೈ. ಕುಡಿದು ಗಾಡಿ ಓಡಿಸಿದವರು, ಅಂಗಡಿಯಲ್ಲಿ ಕದ್ದವರು, ಮಾತ್ರೆ ಪುಡಿಗಳ ಚಟಕ್ಕೆ ಬಿದ್ದ ಹುಡುಗರು ಅವನ ಮುಂದೆ ಬರುತ್ತಿದ್ದರು. ಅವರಪ್ಪಂದಿರ ಹೆಸರು ಹಿಡಿದು ಬೈದು, ಜೈಲಿನಲ್ಲಿ ಕೂತಷ್ಟು ದಿನವೇ ಶಿಕ್ಷೆ ಎಂದು ಮನೆಗೆ ಕಳಿಸಿಬಿಡುತ್ತಿದ್ದ. ಬಿಟ್ಟರೆ ಆ ಮನೆಯ ವೋಟು ತನ್ನದು, ಹಿಡಿದರೆ ಆ ಮನೆಯ ವೋಟು ಹೋಯಿತು. ಈ ಲೆಕ್ಕ ಅವನ ತಲೆಯಲ್ಲಿ ಇರಲಿಲ್ಲವೆಂದೇ ಅವನು ನಂಬಿದ್ದ. ದಯೆ ಎಂದು ಅದಕ್ಕೆ ಹೆಸರಿಟ್ಟುಕೊಂಡಿದ್ದ.

ಈ ಸಲ ಎದುರಾಳಿಯಾಗಿ ನಿಂತವಳು ಕಾರ್ಲೀನ್ ಆಶರ್ ಎಂಬ ಹರೆಯದ ವಕೀಲೆ. ಸ್ಟಾಂಪರ್ ಜಡ್ಜ್ ಕಡತ ಓದುವುದಿಲ್ಲ, ಗಡಿಯಾರ ಓದುತ್ತಾರೆ ಎಂದು ಅವಳು ಚರ್ಚಿನ ಊಟದಲ್ಲಿ ಹೇಳಿದಳಂತೆ. ಮಾತು ವರ್ಲಿನ್‌ನ ಕಿವಿಗೂ ಬಿತ್ತು. ನಿಜವಾದ್ದರಿಂದ ಚುರುಕ್ಕೆಂದಿತು. ಅವನು ಕಡತ ಓದಲು ಶುರುಮಾಡಲಿಲ್ಲ, ಸಾವಿನ ಮನೆಗಳನ್ನು ಹೆಚ್ಚಿಸಿದ. ಪಕ್ಕದ ಕೌಂಟಿಯಲ್ಲಿ ಸತ್ತವರಿಗೆ ಇಲ್ಲಿ ನೆಂಟರಿದ್ದರೆ ಅಲ್ಲಿಗೂ ಹೋದ.

ಹೀಗಿರುವಾಗ ಒಂದು ದಿನ ಕೋರ್ಟಿನ ಮೆಟ್ಟಿಲ ಮೇಲೆ ಆರ್ಡಿತ್ ನೇಪಿಯರ್ ಅವನನ್ನು ತಡೆದು ನಿಲ್ಲಿಸಿದಳು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಶಾಲೆಯ ಬಸ್ಸಿನಲ್ಲಿ ಹೋದವರು. ಈಗ ಅವಳು ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ವಿಧವೆ. ಅವಳ ಮಗ ಕೋಲ್ಬಿ ಚಟಕ್ಕೆ ಬಿದ್ದು, ಯಾರದೋ ಗ್ಯಾರೇಜಿನಿಂದ ಸಾಮಾನು ಕದ್ದು ಜೈಲಿನಲ್ಲಿದ್ದ. ಶುಕ್ರವಾರ ಅವನ ಕೇಸು.

“ಜಡ್ಜ್, ಬೇರೆ ತಾಯಂದಿರು ಬಿಡಿ ಅಂತ ಕೇಳ್ತಾರೆ. ನಾನು ಬಿಡಬೇಡಿ ಅಂತ ಕೇಳೋಕೆ ಬಂದಿದೀನಿ,” ಎಂದಳು. “ಸೋಮವಾರ ಚಿಕಿತ್ಸೆ ಕೇಂದ್ರದಲ್ಲಿ ಒಂದು ಮಂಚ ಖಾಲಿ ಆಗತ್ತೆ. ಅಲ್ಲೀತನಕ ಒಳಗೇ ಇಟ್ಕೊಳ್ಳಿ. ಹೊರಗೆ ಬಂದ್ರೆ ಅವನು ಉಳಿಯಲ್ಲ.”

ವರ್ಲಿನ್ ಅವಳ ಭುಜ ತಟ್ಟಿದ. ನೆನಪಿಟ್ಟುಕೊಳ್ಳುತ್ತೇನೆ, ನೀನು ನಿಶ್ಚಿಂತೆಯಾಗಿರು ಎಂದ. ಹೇಳುವಾಗ ನೆನಪಿಟ್ಟುಕೊಳ್ಳಬೇಕೆಂದೇ ಇದ್ದ, ಅದರಲ್ಲಿ ಸುಳ್ಳಿರಲಿಲ್ಲ.

ಶುಕ್ರವಾರದ ಹೊತ್ತಿಗೆ ಸೈಜ್ಮೋರ್ ಮನೆತನದ ಹಿರಿಯ ತೀರಿಕೊಂಡಿದ್ದ. ಆ ಮುದುಕನ ಮಕ್ಕಳು ಮೊಮ್ಮಕ್ಕಳೇ ಎರಡು ಮತಗಟ್ಟೆ ತುಂಬುವಷ್ಟಿದ್ದರು. ಅಂತಿಮ ದರ್ಶನ ಸಂಜೆಗೆ, ಮೇಲಿನ ಹಳ್ಳದ ತುದಿಯ ಚರ್ಚಿನಲ್ಲಿ, ದಾರಿಯೋ ಅಂಕುಡೊಂಕು. ಕಾರ್ಲೀನ್ ಆಗಲೇ ಹೊರಟಳು ಎಂದು ಯಾರೋ ಬಂದು ಪಿಸುಗುಟ್ಟಿದರು. ವರ್ಲಿನ್ ಗಡಿಯಾರ ನೋಡಿದ. ಗೋಡೆಯ ಬದಿಯ ಬೆಂಚಿನಲ್ಲಿ ಕಿತ್ತಳೆ ಬಟ್ಟೆಯ ಕೈದಿಗಳು ಇನ್ನೂ ಸಾಲಾಗಿ ಕೂತಿದ್ದರು. ಒಬ್ಬೊಬ್ಬರನ್ನೇ ಕರೆದರೆ ಕತ್ತಲಾಗುತ್ತದೆ.

ಬೆಂಚಿನ ಮೇಲಿರುವ ಎಲ್ಲರಿಗೂ ಕೂತಷ್ಟೇ ದಿನ ಶಿಕ್ಷೆ, ಮನೆಗೆ ಹೋಗಿ ಅಮ್ಮಂದಿರ ಮುಖ ನೋಡಿ ಎಂದುಬಿಟ್ಟ. ಬೆಂಚು ಚಪ್ಪಾಳೆ ತಟ್ಟಿತು. ಸರ್ಕಾರಿ ವಕೀಲನಿಗೂ ಮನೆಗೆ ಹೋಗುವ ಆತುರ, ಅವನು ಬಾಯಿ ತೆರೆಯಲಿಲ್ಲ. ಕೊನೆಯಲ್ಲಿ ಕೂತಿದ್ದ ತೆಳ್ಳನೆಯ ಹುಡುಗನೊಬ್ಬ ಬಾಗಿಲ ಬಳಿ ತಿರುಗಿ ನಕ್ಕು ಥ್ಯಾಂಕ್ಯೂ ಎಂದ. ವರ್ಲಿನ್‌ಗೆ ಎದೆ ತುಂಬಿತು. ತಾನೆಷ್ಟು ಒಳ್ಳೆಯವನು ಅನ್ನಿಸಿತು. ಅದೇ ಸಂತೋಷದಲ್ಲಿ ಕರಿ ಕೋಟು ಏರಿಸಿಕೊಂಡು ಹಳ್ಳದ ದಾರಿ ಹಿಡಿದ. ಮೆಟ್ಟಿಲ ಮೇಲೆ ಕೇಳಿದ ಮಾತು ಅವನಿಗೆ ಒಂದು ಗಳಿಗೆಯೂ ನೆನಪಾಗಲಿಲ್ಲ.

ವಾರ ಕಳೆಯುವುದರೊಳಗೆ ರೇಡಿಯೋದಲ್ಲಿ ನೇಪಿಯರ್ ಮನೆಯ ಸಾವೊಂದನ್ನು ಓದಿದರು. ನೇಪಿಯರ್‌ಗಳು ನಮ್ಮಲ್ಲಿ ಗುಡ್ಡಕ್ಕೊಬ್ಬರು. ನಲ್ಲಿಯ ನೀರಿನ ಸದ್ದಿನಲ್ಲಿ ಮೊದಲ ಹೆಸರು ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ಅಗತ್ಯವೂ ಕಾಣಲಿಲ್ಲ. ಸಂಜೆ ಹೋಗಿ ಸಾಲಿನಲ್ಲಿ ನಿಂತ. ಹಿಂದಿನವನ ಜೊತೆ ಜಿಂಕೆ ಬೇಟೆಯ ಮಾತಾಡುತ್ತಲೇ ಮುಂದೆ ಸರಿದ. ಪೆಟ್ಟಿಗೆಗೆ ತಲೆ ಬಾಗಿಸಿದ. ತಲೆ ಬಾಗಿಸುವುದೊಂದು ರೂಢಿ, ನೋಡುವುದು ರೂಢಿಯಲ್ಲ. ಪಕ್ಕದಲ್ಲಿ ನಿಂತಿದ್ದ ತಾಯಿಯ ಕೈ ಹಿಡಿದ.

“ತುಂಬಾ ಒಳ್ಳೆ ಮನುಷ್ಯ,” ಎಂದ. “ನನ್ನಿಂದ ಏನಾದ್ರೂ ಆಗಬೇಕಿದ್ರೆ ಕೇಳಿ ಸಾಕು.”

ಆ ವಾರವೆಲ್ಲ ಸಾವಿನ ಮೇಲೆ ಸಾವು ತಿರುಗಿ ಒಳಗಿನ ಮಾತು ಯಾವುದು, ಹೊರಗಿನ ಕೆಲಸ ಯಾವುದು ಎನ್ನುವುದು ಅವನ ಕೈಗೆ ಮರೆತುಹೋಗಿತ್ತು. ಕೈ ತಾನಾಗಿಯೇ ಜೇಬಿಗೆ ಹೋಯಿತು, ಉಗುರಿನ ಪಟ್ಟಿಯೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟಿತು.

“ಕೇಳಿದ್ದೆನಲ್ಲ, ಜಡ್ಜ್,” ಎಂದಳು ಅವಳು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಆಗ ಅವನು ಮುಖ ನೋಡಿದ. ಆರ್ಡಿತ್. ತಿರುಗಿ ಪೆಟ್ಟಿಗೆಯನ್ನು ನೋಡಿದ. ಬಾಗಿಲ ಬಳಿ ನಿಂತು ನಕ್ಕ ಹುಡುಗ. ಅವಳ ಕೈಯಲ್ಲಿ ಅವನ ಹೆಸರು ಇತ್ತು. ಅದನ್ನು ಕಿತ್ತುಕೊಳ್ಳಲೇ, ಬಿಡಲೇ ಎಂದು ಅವನ ಬೆರಳುಗಳು ಗಾಳಿಯಲ್ಲೇ ನಿಂತವು. ಭೂಮಿ ಬಾಯಿಬಿಟ್ಟು ನುಂಗಬಾರದೆ ಎನ್ನುವ ಮಾತನ್ನು ಅವನು ಎಷ್ಟೋ ಸಲ ಆಡಿದ್ದ. ನಿಜವಾಗಿ ಬೇಡಿಕೊಂಡದ್ದು ಆವತ್ತೇ.

ಅಷ್ಟರಲ್ಲಿ ಹುಡುಗನ ಚಿಕ್ಕಪ್ಪ ಡಾಯ್ಲ್ ಮುಷ್ಟಿ ಬಿಗಿದುಕೊಂಡು ಮುಂದೆ ಬಂದ. ನಮ್ಮ ಹುಡುಗನನ್ನು ಬೀದಿಗೆ ಬಿಟ್ಟವನು ಇಲ್ಲಿಗೆ ಯಾವ ಮುಖ ಇಟ್ಟುಕೊಂಡು ಬಂದ ಎಂದು ಕೇಳಿದ. ಆರ್ಡಿತ್ ಪಟ್ಟಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಮೈದುನನಿಗೆ ಅಡ್ಡ ನಿಂತಳು.

“ಸುಮ್ನಿರು ಡಾಯ್ಲ್. ಜಡ್ಜ್ ಇಟ್ಕೊಳ್ಳೋಕೆ ನೋಡಿದ್ರು, ಕಾನೂನು ಬಿಡ್ಲಿಲ್ಲ. ಅವರ ಕೈಲಾದಷ್ಟು ಮಾಡಿದ್ರು,” ಎಂದಳು. ಕಡೆಯ ಕುರ್ಚಿಯವರೆಗೂ ಕೇಳಿಸಿತು.

ವರ್ಲಿನ್ ಇಲ್ಲ ಎನ್ನಬಹುದಿತ್ತು. ಒಂದೇ ಪದ, ಉಸಿರಷ್ಟು ಪದ. ಅವನು ತಲೆ ತಗ್ಗಿಸಿ ನಿಂತ. ತಗ್ಗಿಸಿದ ತಲೆಯನ್ನು ಜನ ದುಃಖವೆಂದುಕೊಂಡರು. ಡಾಯ್ಲ್ ಮುಷ್ಟಿ ಬಿಚ್ಚಿ ಅವನ ಕೈ ಹಿಡಿದು ತಪ್ಪಾಯಿತು ಎಂದ. ಆ ಕ್ಷಮೆಯನ್ನೂ ವರ್ಲಿನ್ ಸ್ವೀಕರಿಸಿದ.

ಮನೆಗೆ ಬಂದು ಓಪಲ್‌ಗೆ ಎಲ್ಲ ಹೇಳಿದ. ಓಪಲ್ ಬೈಯಲಿಲ್ಲ. ಒಲೆಯ ಮೇಲಿದ್ದ ಹುರುಳಿಕಾಯಿಯ ಉರಿ ಆರಿಸಿ, ನಾಳೆ ಎದ್ದು ಹೋಗಿ ಎಲ್ಲರ ಮುಂದೆ ಹೇಳಿಬಿಡಿ ಎಂದಳು. ಹೇಳುತ್ತೇನೆ ಎಂದ. ನಾಳೆಯ ನಾಳೆಗೂ ಹೇಳುತ್ತೇನೆ ಎಂದೇ ಅಂದ. ಚುನಾವಣೆ ಮುಗಿಯಲಿ, ಈಗ ಹೇಳಿದರೆ ಅದೂ ವೋಟಿನ ಆಟ ಅಂದುಕೊಳ್ಳುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ವಕೀಲಿ ಓದಿದವನಿಗೆ ನೆಪಕ್ಕೇನು ಬರಗಾಲ.

ಊರೆಲ್ಲ ಆರ್ಡಿತ್‌ಳ ಮಾತು ಹಬ್ಬಿತು. ಮಗನನ್ನು ಕಳೆದುಕೊಂಡ ತಾಯಿಯೇ ಹೇಳಿದ ಮೇಲೆ ಕಾರ್ಲೀನ್ ಏನು ಮಾತಾಡಿದರೂ ಸತ್ತವನ ಮೇಲೆ ರಾಜಕೀಯ ಮಾಡಿದ ಹಾಗಾಯಿತು, ಅವಳು ಬಾಯಿ ಮುಚ್ಚಬೇಕಾಯಿತು. ವರ್ಲಿನ್ ಗೆದ್ದ. ಪಟ್ಟಣದಲ್ಲಿ ಸೋತು, ಸೈಜ್ಮೋರ್‌ಗಳ ಮತಗಟ್ಟೆಗಳಲ್ಲೂ ಹಿಂದೆ ಬಿದ್ದು, ನೇಪಿಯರ್‌ಗಳ ಹಳ್ಳದ ವೋಟಿನಿಂದ ಗೆದ್ದ. ಅಗ್ನಿಶಾಮಕ ಠಾಣೆಯಲ್ಲಿ ಗೆಲುವಿನ ಊಟ ಇಟ್ಟಿದ್ದರು. ಡಾಯ್ಲ್ ನೇಪಿಯರ್ ತಾನೇ ಅವನ ಬಟ್ಟಲಿಗೆ ಸಾರು ಬಡಿಸಿದ. ವರ್ಲಿನ್ ಒಂದು ತುತ್ತು ಬಾಯಿಗಿಟ್ಟು, ಹಿತ್ತಲಿಗೆ ಹೋಗಿ ಉಗುಳಿದ. ಇಷ್ಟು ಹೇಸಿಗೆ ಅವನಿಗೆ ತನ್ನ ಮೇಲೆ ಯಾವತ್ತೂ ಆಗಿರಲಿಲ್ಲ.

ಮರುದಿನ ಆರ್ಡಿತ್‌ಳ ಮನೆಗೆ ಹೋದ. ಅವಳು ಜಗಲಿಯಲ್ಲಿ ಕೂತು ಒಣಗಿಸಲೆಂದು ಸೇಬು ಹೆಚ್ಚುತ್ತಿದ್ದಳು. ಅವನನ್ನು ನೋಡಿ ಇನ್ನೊಂದು ಕುರ್ಚಿಯ ಮೇಲಿದ್ದ ತಟ್ಟೆ ತೆಗೆದಳು. ವರ್ಲಿನ್ ಕೂರಲಿಲ್ಲ.

“ಆರ್ಡಿತ್, ಆ ಶುಕ್ರವಾರ ನಾನು...”

“ಹೇಳಬೇಡ,” ಎಂದಳು. ಇಲ್ಲಿ ಅವನು ಅವಳಿಗೆ ಜಡ್ಜ್ ಅಲ್ಲ, ಶಾಲೆಯ ಬಸ್ಸಿನ ಹುಡುಗ. “ನಾನು ಎರಡನೇ ಸಾಲಲ್ಲಿ ಕೂತಿದ್ದೆ. ನೀನು ಗಡಿಯಾರ ನೋಡಿದ್ದು ನೋಡಿದೆ. ಎದ್ದು ಕೂಗಬೇಕಿತ್ತು. ಜಡ್ಜ್ ಮರೆತಿರಲ್ಲ, ಏನೋ ಯೋಚ್ನೆ ಮಾಡಿರ್ತಾರೆ ಅಂತ ಸುಮ್ನಿದ್ದೆ. ಅದು ನನ್ನ ಪಾಲಿಗಿರಲಿ.”

“ಮತ್ತೆ ಯಾಕೆ ಸುಳ್ಳು ಹೇಳಿದೆ?”

ಅವಳು ಚಾಕುವಿನಿಂದ ಒಳಮನೆಯ ಕಡೆ ತೋರಿಸಿದಳು. “ನನ್ನ ಮಗಳು ಶೆಲ್ಬಿ. ಅಣ್ಣ ಸತ್ತ ಮಾರನೇ ದಿನಾನೇ ಅವಳನ್ನೂ ಹಿಡಿದ್ರು, ಅದೇ ದರಿದ್ರ ಪುಡಿ ಜೊತೆ. ಈಗ ಜೈಲಲ್ಲಿದಾಳೆ. ಕೋಣೆ ಖಾಲಿ. ಬರೋ ಶುಕ್ರವಾರ ನಿನ್ನ ಮುಂದೆ ಬರ್ತಾಳೆ. ಹೊಸ ಜಡ್ಜ್ ಬಂದ್ರೆ ಅವರಿಗೆ ನನ್ನ ಮಗಳು ಯಾರೋ ಏನೋ. ನೀನು ಮಾತ್ರ ಈ ಸಲ ಅವಳ ಮುಖ ನೋಡ್ತೀಯ.”

ಅವಳು ತನ್ನನ್ನು ಉಳಿಸಿದ್ದು ಕರುಣೆಯಿಂದ ಎಂದು ವರ್ಲಿನ್ ಒಳಗೊಳಗೇ ನಂಬಿದ್ದ. ಆ ನಂಬಿಕೆಗೂ ಈಗ ನಾಚಿಕೆಯಾಯಿತು. ನಿಜ ಹೇಳಿಬಿಡುತ್ತೇನೆ, ಇದನ್ನು ಹೊತ್ತು ತಿರುಗಲು ನನ್ನಿಂದಾಗದು ಎಂದ.

“ಹೇಳಿದ್ರೆ ನಿನಗೆ ಹಗುರ ಆಗತ್ತೆ, ವರ್ಲಿನ್. ಅವಳ ಕೇಸನ್ನ ನಿನ್ನ ಕೈಯಿಂದ ಕಿತ್ಕೊಳ್ತಾರೆ,” ಎಂದಳು ಆರ್ಡಿತ್. “ನಿನ್ನನ್ನ ಹಗುರ ಮಾಡೋಕೆ ನಾನು ವೋಟು ಹಾಕಿಲ್ಲ. ಅವಳಿಗೆ ಮಂಚ ಸಿಗೋ ತನಕ ಹೊತ್ಕೋ.”

ಆ ವಾರ ಯಾರ ಸಾವಿಗೂ ಅವನು ಹೋಗಲಿಲ್ಲ. ಶೆಲ್ಬಿಯ ಕಡತವನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದಿದ. ಚಿಕಿತ್ಸೆ ಕೇಂದ್ರಕ್ಕೆ ತಾನೇ ಫೋನು ಮಾಡಿ, ಜಾಗ ಯಾವತ್ತು ಸಿಗುತ್ತದೆ ಎಂದು ಕೇಳಿದ. ಕೈದಿಯ ತಾಯಿಯ ಜೊತೆ ಒಳಮಾತು ನಡೆದ ಮೇಲೆ ಈ ಕೇಸಿನಿಂದ ತಾನು ಎದ್ದು ಹೋಗಬೇಕು, ಪಕ್ಕದ ಕೌಂಟಿಯ ಜಡ್ಜ್ ಬಂದು ಕೂರಬೇಕು ಎನ್ನುವುದು ಅವನಿಗೆ ಗೊತ್ತಿತ್ತು, ಅಷ್ಟು ಕಾನೂನು ಗೊತ್ತಿಲ್ಲದವನಲ್ಲ. ಎದ್ದು ಹೋಗಲಿಲ್ಲ. ಸರಿ ಮಾಡಲು ಹೊರಟರೂ ತಪ್ಪಿನ ದಾರಿಯಲ್ಲೇ ಹೋಗಬೇಕಾಗಿ ಬಂದದ್ದು ಅವನನ್ನು ಕೊರೆಯುತ್ತಿತ್ತು.

ಶುಕ್ರವಾರ ಕೋರ್ಟು ಕಿಕ್ಕಿರಿದಿತ್ತು. ಗೆದ್ದ ಜಡ್ಜನ್ನು ನೋಡಲು ಬಂದವರೂ ಇದ್ದರು. ವರ್ಲಿನ್ ಕೈದಿಗಳನ್ನು ಒಬ್ಬೊಬ್ಬರನ್ನೇ ಕರೆದ, ಒಬ್ಬೊಬ್ಬರ ಮುಖವನ್ನೂ ನೋಡಿದ. ಶೆಲ್ಬಿಯ ಸರದಿ ಬಂದಾಗ, ಚಿಕಿತ್ಸೆಯ ಜಾಗ ಸಿಗುವವರೆಗೆ ಅವಳು ಜೈಲಿನಲ್ಲೇ ಇರತಕ್ಕದ್ದು, ಅಲ್ಲಿಂದ ನೇರ ಕೇಂದ್ರಕ್ಕೆ ಕರೆದೊಯ್ಯತಕ್ಕದ್ದು ಎಂದು ಓದಿ ಹೇಳಿ ಸಹಿ ಹಾಕಿದ. ಎರಡನೆಯ ಸಾಲಿನಲ್ಲಿ ಆರ್ಡಿತ್ ಕಣ್ಣು ಮುಚ್ಚಿಕೊಂಡಳು.

ಹುಡುಗಿ ಅಣ್ಣನ ಹಾಗೇ ತೆಳ್ಳಗಿದ್ದಳು. ಅವಳು ತಿರುಗಿ ನಗಲಿಲ್ಲ.

“ನಮ್ಮಣ್ಣನ್ನ ಇಟ್ಕೊಳ್ಳಿ ಅಂತ ಅಮ್ಮ ಬೇಡ್ಕೊಂಡ್ಲು, ನೀನು ಬಿಟ್ಟೆ,” ಎಂದಳು. “ಕಾನೂನು ಬಿಡ್ಲಿಲ್ಲ ಅನ್ನೋದು ಸುಳ್ಳು. ಈಗ ನನ್ನ ಮೇಲೆ ನಡೀತಲ್ಲ, ಅದೇ ಕಾನೂನು. ಆವತ್ತು ನಿನಗೆ ಇನ್ನೊಬ್ರ ಹೆಣ ನೋಡೋ ಅವಸರ ಇತ್ತು.”

ಕೋರ್ಟಿನ ಕಾವಲಿನವನು ಅವಳ ತೋಳು ಹಿಡಿದು ಬಾಯಿ ಮುಚ್ಚು ಎಂದ. ಡಾಯ್ಲ್ ಎದ್ದು ನಿಂತು ಅತ್ತಿಗೆಯ ಮುಖ ನೋಡಿದ. ಆರ್ಡಿತ್ ನೆಲ ನೋಡುತ್ತಿದ್ದಳು. ವರ್ಲಿನ್‌ನ ಮುಂದೆ ಸಹಿಯ ಶಾಯಿ ಒಣಗಿತ್ತು. ಹುಡುಗಿ ಚಟದ ಹುಚ್ಚಿನಲ್ಲಿ ಏನೋ ಬಡಬಡಿಸುತ್ತಾಳೆ ಎಂದು ಅವನು ಒಂದು ಮಾತು ಅಂದಿದ್ದರೆ, ಅಲ್ಲಿದ್ದವರೆಲ್ಲ ನಂಬುತ್ತಿದ್ದರು. ನಂಬಲು ಅವರು ತಯಾರಾಗಿಯೇ ಕೂತಿದ್ದರು.

“ಅವಳ ಕೈ ಬಿಡು,” ಎಂದ ವರ್ಲಿನ್. “ಅವಳು ಹೇಳಿದ್ದೆಲ್ಲ ನಿಜ.”

ಗುಮಾಸ್ತೆ ಮುಂದಿನ ಕಡತವನ್ನು ತಂದು ಅವನ ಮುಂದಿಟ್ಟಳು. ಅವನು ಅದನ್ನು ತೆರೆಯದೆ ಅವಳ ಕಡೆಗೇ ಹಿಂದೆ ಸರಿಸಿದ.